ಕುಡಿತ ಬಿಟ್ಟವರಿಗೆ ಎಎ ಮೀಟಿಂಗ್: ಬಹುಕಾಲದ ಬಳಕೆಯ ನಂತರದ ವಿಮರ್ಶೆ

ಕುಡಿತ ನಿಲ್ಲಿಸುವುದಕ್ಕೆ ಆಸ್ಪತ್ರೆ ಇದೆ, ಮಾತ್ರೆ ಇದೆ. ನಿಲ್ಲಿಸಿದ ಮೇಲೆ ಸಂಜೆ ಏಳು ಗಂಟೆಗೆ ಏನು ಮಾಡುವುದು ಎಂಬುದಕ್ಕೆ ಕುಡಿತ ಬಿಟ್ಟವರೇ ಕೂಡಿ ಅನುಭವ ಹಂಚಿಕೊಳ್ಳುವ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಗುಂಪಿನಷ್ಟು ಕೆಲಸಕ್ಕೆ ಬರುವ ಉಚಿತ ವ್ಯವಸ್ಥೆ ನನಗೆ ಇನ್ನೊಂದು ಕಂಡಿಲ್ಲ. ಆದರೆ ಎಲ್ಲ ಗುಂಪೂ ಒಂದೇ ಅಲ್ಲ. ಆರಿಸುವಾಗ ನೋಡಬೇಕಾದದ್ದು ಗುಂಪಿನ ಹೆಸರು, ಹಳಮೆ ಅಲ್ಲ. ಮನೆಗೆ ಹತ್ತಿರವಿದೆಯೇ, ನಿಮ್ಮ ಭಾಷೆಯಲ್ಲಿ ನಡೆಯುತ್ತದೆಯೇ, ನೀವು ಒಂದು ವಾರ ಕಾಣದಿದ್ದರೆ ಯಾರಾದರೂ ಫೋನ್ ಮಾಡುತ್ತಾರೆಯೇ, ಇಷ್ಟೇ.

ಅದಕ್ಕೂ ಮೊದಲಿನ ಮಾತು. ದಿನವೂ ಹೆಚ್ಚು ಕುಡಿಯುವವರು ಮೀಟಿಂಗ್ ನಂಬಿಕೊಂಡು ಏಕಾಏಕಿ ನಿಲ್ಲಿಸಬಾರದು. ಕೊನೆಯ ಪೆಗ್ ಆದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ ಎರಡು ದಿನದಲ್ಲಿ. ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದಂತಾಗುವುದು ಎರಡರಿಂದ ನಾಲ್ಕನೇ ದಿನದ ನಡುವೆ, ಅದು ಜೀವಕ್ಕೇ ಅಪಾಯ. ಈ ಹಂತಕ್ಕೆ ವೈದ್ಯರೇ ಬೇಕು, ಥಯಾಮಿನ್ (ವಿಟಮಿನ್ ಬಿ1) ಬೇಕು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಎಲ್ಲಿ ಕೇಳಬೇಕು ಎಂದೇ ಗೊತ್ತಿಲ್ಲದವರು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಗುಂಪು ಹುಡುಕುವುದು. ಜಾಲತಾಣದಲ್ಲಿ ಮೀಟಿಂಗ್ ಪಟ್ಟಿ ಸಿಗುತ್ತದೆ, ಆದರೆ ಅದನ್ನೇ ನಂಬಿ ಆಟೋ ಹತ್ತಬೇಡಿ. ಮೀಟಿಂಗ್ ನಡೆಯುವುದು ಶಾಲೆಯ ಕೋಣೆಯಲ್ಲೋ ಚರ್ಚಿನ ಆವರಣದಲ್ಲೋ. ಪರೀಕ್ಷೆ, ಹಬ್ಬ ಬಂದಾಗ ಜಾಗ ಬದಲಾಗುತ್ತದೆ, ಪಟ್ಟಿ ಬದಲಾಗುವುದಿಲ್ಲ. ಎಎ ಸಹಾಯವಾಣಿಗೆ ಫೋನ್ ಮಾಡಿದರೆ ಎತ್ತುವವರೂ ಕುಡಿತ ಬಿಟ್ಟವರೇ. ಅವರನ್ನು ಕೇಳಿ: ಈ ವಾರ ನಡೆಯುತ್ತಿದೆಯೇ? ಕನ್ನಡವೋ, ತಮಿಳೋ, ಇಂಗ್ಲಿಷೋ? ಓಪನ್ನೋ, ಕ್ಲೋಸ್ಡೋ? ಯಾವ ಗೇಟು, ಯಾವ ಮಹಡಿ? ಓಪನ್ ಮೀಟಿಂಗಿಗೆ ಹೆಂಡತಿಯೋ ಅಣ್ಣನೋ ಜೊತೆಗೆ ಬರಬಹುದು. ಕ್ಲೋಸ್ಡ್ ಆದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಕೊನೆಗೆ, ‘ಗೇಟಿನ ಹತ್ತಿರ ಯಾರಾದರೂ ಸಿಗುತ್ತೀರಾ’ ಎಂದು ತಪ್ಪದೇ ಕೇಳಿ. ಮೊದಲ ಸಲ ಬಂದವರಲ್ಲಿ ಎಷ್ಟೋ ಮಂದಿ ಗೇಟಿನಿಂದಲೇ ವಾಪಸ್ ಹೋಗುತ್ತಾರೆ. 27 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2020ರ ಕಾಕ್ರೇನ್ (ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಸಂಸ್ಥೆ) ವಿಮರ್ಶೆ, ಚಿಕಿತ್ಸಕರು ಕ್ರಮಬದ್ಧವಾಗಿ ಎಎಗೆ ಜೋಡಿಸಿದವರಲ್ಲಿ ಒಂದು ವರ್ಷ ಪೂರ್ತಿ ಕುಡಿಯದೆ ಉಳಿದವರು ಬೇರೆ ಚಿಕಿತ್ಸೆಗಳಿಗಿಂತ ಹೆಚ್ಚು ಎಂದು ಕಂಡುಕೊಂಡಿತು. ಬರೀ ವಿಳಾಸ ಕೊಡುವುದಕ್ಕೂ ಕೈ ಹಿಡಿದು ಕರೆದೊಯ್ಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಒಳಗೆ ಏನಾಗುತ್ತದೆ? ಒಂದರಿಂದ ಒಂದೂವರೆ ಗಂಟೆ. ಮೌನ, ಪ್ರಾರ್ಥನೆ, ಹನ್ನೆರಡು ಹೆಜ್ಜೆಗಳ (ಕುಡಿತದಿಂದ ಹೊರಬರಲು ಎಎ ಹಾಕಿಕೊಟ್ಟ ಕ್ರಮ) ಓದು, ಆಮೇಲೆ ಒಬ್ಬೊಬ್ಬರ ಶೇರಿಂಗ್. ಒಬ್ಬರು ಮಾತಾಡುವಾಗ ಮಧ್ಯೆ ಬಾಯಿ ಹಾಕುವಂತಿಲ್ಲ, ಉಪದೇಶವೂ ಇಲ್ಲ. ಮೊದಲ ದಿನ ಸುಮ್ಮನೆ ಕೂರಬಹುದು. ಹೆಸರು ಸಾಕು, ಊರು, ಕೆಲಸ, ಆಧಾರ್ ಯಾರೂ ಕೇಳುವುದಿಲ್ಲ. ಶುಲ್ಕವಿಲ್ಲ. ಕೊನೆಗೆ ಸಂಗ್ರಹಕ್ಕೆ ಟೋಪಿಯೋ ತಟ್ಟೆಯೋ ಬರುತ್ತದೆ, ಹಾಕದಿದ್ದರೂ ನಡೆಯುತ್ತದೆ. ದೇವರ ಮಾತು ಇದೆ, ‘ನಾವು ಅರಿತಂತೆ’ ಎಂಬ ಷರತ್ತಿನೊಂದಿಗೆ. ನಂಬದವರೂ ವರ್ಷಗಟ್ಟಲೆ ಬರುತ್ತಾರೆ.

ನಿಜವಾದ ಕೆಲಸ ನಡೆಯುವುದು ಮೀಟಿಂಗ್ ಮುಗಿದ ಮೇಲಿನ ಚಹಾದ ಹತ್ತು ನಿಮಿಷದಲ್ಲಿ. ಮೂರ್ನಾಲ್ಕು ಫೋನ್ ನಂಬರ್ ಪಡೆಯದೆ ಹೊರಡಬೇಡಿ. ಆ ನಂಬರಿಗೆ ಕರೆ ಮಾಡಬೇಕಾದದ್ದು ಮೊದಲ ಗುಟುಕಿಗೆ ಮುಂಚೆ. ಕುಡಿದ ಮೇಲೆ ಮಾಡಿದರೂ ಎತ್ತುತ್ತಾರೆ, ಆದರೆ ಆಗ ಮಾತು ತಲೆಗೆ ಹೋಗುವುದಿಲ್ಲ. ಒಂದೇ ಮೀಟಿಂಗ್ ನೋಡಿ ತೀರ್ಮಾನಿಸಬೇಡಿ, ಬೇರೆ ಬೇರೆ ಗುಂಪಿನಲ್ಲಿ ಐದಾರು ಸಲ ಕೂತು ನೋಡಿ. ಸ್ಪಾನ್ಸರ್, ಅಂದರೆ ನಿಮಗೆ ಒತ್ತಾಸೆಯಾಗಿ ದಾರಿ ತೋರಿಸುವ ಹಳೆಯ ಸದಸ್ಯರನ್ನು, ಆರಿಸುವುದು ಅದಾದ ಮೇಲೆ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಎಂಬ ರೂಢಿಯನ್ನು ಮುರಿಯದಿರುವುದೇ ಕ್ಷೇಮ.

ಕೊರತೆಗಳೂ ಇವೆ. ವೈದ್ಯರು ಕೊಟ್ಟ ಮಾತ್ರೆ ಬಿಟ್ಟುಬಿಡಿ, ಅದೂ ಒಂದು ಚಟವೇ ಎನ್ನುವ ಹಳಬರು ಅಲ್ಲಲ್ಲಿ ಸಿಗುತ್ತಾರೆ. ಸದಸ್ಯರು ವೈದ್ಯರಾಗಬಾರದು ಎಂದು ಎಎಯ ಸ್ವಂತ ಕೈಪಿಡಿಯೇ ಹೇಳುತ್ತದೆ. ಮಾತ್ರೆ ಬಿಡಿ ಎನ್ನುವ ಹಳಬರ ಸಲಹೆಯನ್ನು ಕಿವಿಗೆ ಹಾಕಿಕೊಳ್ಳಬೇಡಿ. ಒಬ್ಬರೇ ಮಾತಾಡುವ ಗುಂಪು, ಸಾಲ ಕೇಳುವ ಸದಸ್ಯ, ಇಲ್ಲಿ ಕೇಳಿದ್ದನ್ನು ಹೊರಗೆ ಆಡುವವರು ಕಂಡರೆ ಗುಂಪು ಬದಲಿಸಿ. ಹೆಚ್ಚಿನ ಕಡೆ ಗಂಡಸರೇ ತುಂಬಿರುವುದರಿಂದ ಹೆಣ್ಣುಮಕ್ಕಳಿಗೆ ಮೊದಲ ದಿನ ಕಷ್ಟ. ಸಹಾಯವಾಣಿಯಲ್ಲಿ ಮಹಿಳಾ ಸದಸ್ಯೆಯೊಬ್ಬರಿಂದ ಫೋನ್ ಮಾಡಿಸಿ ಎಂದು ಕೇಳುವುದು, ಆನ್‌ಲೈನ್ ಮೀಟಿಂಗಿನಿಂದ ಶುರುಮಾಡುವುದು, ಎರಡೂ ಸರಿಯೇ.

ಹಳ್ಳಿಗಳ ಕಡೆ ಎಎ ವಿರಳ. ಅಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರವೇ ಹೆಚ್ಚು ಕೈಗೆಟಕುವುದು. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಇದೆ. ಶಿಬಿರಕ್ಕೆ ಸೇರುವಾಗಲೇ ನಿಮ್ಮೂರಿನ ಸಮಿತಿ ಎಲ್ಲಿ, ಯಾವಾಗ ಸೇರುತ್ತದೆ ಎಂದು ಕೇಳಿಕೊಳ್ಳಿ. ಎಂಟು ದಿನ ಚೆನ್ನಾಗಿ ಕಳೆದು ಒಂಬತ್ತನೇ ದಿನ ಒಂಟಿಯಾಗುವವರೇ ಮತ್ತೆ ಜಾರುವುದು.

ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಗುಂಪಿದೆ. ಕುಡಿಯುವವರು ಎಎಗೆ ಬರಲು ಒಪ್ಪದಿದ್ದರೂ ಮನೆಯವರು ಅದಕ್ಕೆ ಹೋಗಬಹುದು. ಯಾರ ಅನುಮತಿಗೂ ಕಾಯಬೇಕಿಲ್ಲ.