ವಕೀಲರ ತರಬೇತಿ: ಆನ್‌ಲೈನ್ ಕೋರ್ಸ್, ಸಂಘದ ಉಪನ್ಯಾಸ, ವರ್ಕ್‌ಶಾಪ್, ಡಿಪ್ಲೊಮಾ – ಯಾವುದಕ್ಕೆ ಹೋಗಬಹುದು?

ನಾನು ಮಂಡ್ಯದಲ್ಲಿ ಪ್ರಾಕ್ಟೀಸ್ ಮಾಡುವ ವಕೀಲೆ. ಸಿವಿಲ್ ಜಾಸ್ತಿ, ಕ್ರಿಮಿನಲ್ ಸ್ವಲ್ಪ, ಜೊತೆಗೆ ಎಲ್ಲರ ಹಾಗೆ ಚೆಕ್ ಬೌನ್ಸ್ ಮತ್ತು ಎಂವಿಸಿ (ವಾಹನ ಅಪಘಾತದ ಪರಿಹಾರದ ಕೇಸುಗಳು). ಕಳೆದ ಕೆಲವು ವರ್ಷಗಳಲ್ಲಿ ಬೇರೆ ಬೇರೆ ಬಗೆಯ ತರಬೇತಿಗಳಿಗೆ ಹೋಗಿದ್ದೇನೆ. ಕೆಲವಕ್ಕೆ ದುಡ್ಡು ಕೊಟ್ಟು, ಕೆಲವಕ್ಕೆ ಪುಕ್ಕಟೆ. "ಯಾವುದಕ್ಕೆ ಸೇರಬಹುದು ಮೇಡಂ?" ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ, ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ನಮ್ಮಲ್ಲಿ ಇದು ಕಡ್ಡಾಯ ಅಲ್ಲ. ಅಖಿಲ ಭಾರತ ವಕೀಲರ ಪರೀಕ್ಷೆ ಒಂದು ಸಲ ಪಾಸಾದರೆ ಮುಗಿಯಿತು, ಆಮೇಲೆ ನೀವು ಹೊಸದೇನಾದರೂ ಕಲಿತಿರಾ ಅಂತ ಯಾರೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪ್ರಾಕ್ಟೀಸ್ ಮಾಡುವ ವಕೀಲರು ಮೂರು ವರ್ಷಕ್ಕೆ 25 ಗಂಟೆ ಕಲಿಕೆ ತೋರಿಸಲೇಬೇಕು. ನಮಗೆ ಆ ಒತ್ತಡ ಇಲ್ಲ, ಹಾಗಾಗಿ ಖರ್ಚು ಮಾಡುವುದು ನಮ್ಮದೇ ದುಡ್ಡು, ನಮ್ಮದೇ ಸಮಯ. ಸಮಯ ಅಂದರೆ ಸುಮ್ನೆ ಅಲ್ಲ. ಕೋರ್ಟ್ ದಿನ ತರಬೇತಿಗೆ ಹೋದರೆ ಅವತ್ತಿನ ಡೇಟ್‌ಗಳನ್ನು ಯಾರೋ ನೋಡಿಕೊಳ್ಳಬೇಕು, ಕಕ್ಷಿದಾರರಿಗೆ ಉತ್ತರ ಕೊಡಬೇಕು.

ನನ್ನನ್ನು ಮೊದಲು ತಳ್ಳಿದ್ದು 2024ರ ಜುಲೈ 1. ಅವತ್ತಿನಿಂದ ಮೂರೂ ಹೊಸ ಕ್ರಿಮಿನಲ್ ಕಾಯ್ದೆಗಳು ಜಾರಿಗೆ ಬಂದವು. ಅಪರಾಧ, ಶಿಕ್ಷೆಗಳನ್ನು ಹೇಳುವ 511 ಕಲಂಗಳ ಐಪಿಸಿ ಹೋಗಿ 358 ಕಲಂಗಳ ಭಾರತೀಯ ನ್ಯಾಯ ಸಂಹಿತೆ ಬಂತು. ತನಿಖೆ, ವಿಚಾರಣೆಯ ಕ್ರಮ ಹೇಳುವ ಸಿಆರ್‌ಪಿಸಿ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಸಾಕ್ಷ್ಯ ಅಧಿನಿಯಮ. ಬಾಯಿಪಾಠ ಆಗಿದ್ದ ನಂಬರುಗಳೆಲ್ಲ ಹೋದವು. ಗಾಬರಿಯಲ್ಲಿ ಬಹಳ ಜನ ಮಾಡಿದ ಹಾಗೆ ನಾನೂ ಒಂದು ಆನ್‌ಲೈನ್ ಕೋರ್ಸ್ ತೆಗೆದುಕೊಂಡೆ, ರೆಕಾರ್ಡ್ ಮಾಡಿದ ವಿಡಿಯೋಗಳದ್ದು.

ಅನುಕೂಲ ಇದೆ, ಇಲ್ಲ ಅನ್ನಲ್ಲ. ರಾತ್ರಿ ಮನೆಕೆಲಸ ಮುಗಿಸಿ ನೋಡಬಹುದು, ಬೇಡದ್ದನ್ನು ಓಡಿಸಬಹುದು. ಆದರೆ ವಿಷಯದ ಮುಕ್ಕಾಲು ಪಾಲು ಹೋಲಿಕೆ ಪಟ್ಟಿಯೇ ಆಗಿತ್ತು. ಕೊಲೆಯ 302 ಈಗ 103. ಮೋಸದ 420 ಈಗ 318(4). ಜೀವನಾಂಶದ 125 ಈಗ 144. ನಿರೀಕ್ಷಣಾ ಜಾಮೀನಿನ 438 ಈಗ 482. (ಇದೊಂದು ತಮಾಷೆ: ಹಳೆಯ 482 ಅಂದರೆ ಹೈಕೋರ್ಟಿನಲ್ಲಿ ಕೇಸು ಕ್ವಾಷ್ (ರದ್ದು) ಮಾಡಿಸುವ ಕಲಂ, ಅದು ಈಗ 528. ಬಾರ್ ರೂಮಿನಲ್ಲಿ ಯಾರಾದರೂ "482 ಹಾಕಿದೆ" ಅಂದರೆ ಯಾವ ಕಾಯ್ದೆಯ 482 ಅಂತ ಕೇಳಬೇಕು.) ಈ ಪಟ್ಟಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ಕೇಂದ್ರದ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿಯ 'ಸಂಕಲನ' ಅನ್ನುವ ಆ್ಯಪ್ ಪುಕ್ಕಟೆ ಸಿಗುತ್ತದೆ, ಹಳೆಯದು ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತದೆ.

ನನಗೆ ಬೇಕಿದ್ದದ್ದು ಬೇರೆ. ಜುಲೈ 1ಕ್ಕೆ ಮುಂಚೆಯೇ ನಡೆಯುತ್ತಿದ್ದ ವಿಚಾರಣೆ, ತನಿಖೆ, ಮೇಲ್ಮನವಿಗಳು ಹಳೆಯ ಸಿಆರ್‌ಪಿಸಿಯಲ್ಲೇ ಮುಂದುವರಿಯುತ್ತವೆ ಅಂತ ಹೊಸ ಸಂಹಿತೆಯ 531ನೇ ಕಲಂ ಹೇಳುತ್ತದೆ. ಸರಿ, ಅಪರಾಧ ನಡೆದದ್ದು ಜೂನ್‌ನಲ್ಲಿ, ದೂರು ಕೊಟ್ಟದ್ದು ಆಗಸ್ಟ್‌ನಲ್ಲಿ ಅಂದರೆ ಯಾವುದು? ಅರ್ಜಿಯ ತಲೆಬರಹದಲ್ಲಿ ಏನು ಬರೆಯಬೇಕು? ಕೋರ್ಸಿನಲ್ಲಿ ಪ್ರಶ್ನೆ ಕೇಳಲು ಒಂದು ಬಾಕ್ಸ್ ಇತ್ತು, ಕೇಳಿದೆ. ಉತ್ತರವೂ ಬಂತು, ಕಲಂ ಅನ್ನೇ ಕಾಪಿ ಮಾಡಿ ಹಾಕಿದ್ದರು. ಕೊನೆಯಲ್ಲಿ ಸರ್ಟಿಫಿಕೇಟ್ ಮಾತ್ರ ಚೆನ್ನಾಗಿತ್ತು, ಬಣ್ಣದ ಅಂಚಿನದು.

ಇದರ ಪಕ್ಕ ವಕೀಲರ ಸಂಘದ ಸಂಜೆ ಉಪನ್ಯಾಸ ಇಟ್ಟು ನೋಡಿ. ಫೀಸಿಲ್ಲ, ಕೋರ್ಟ್ ಆವರಣ ಬಿಟ್ಟು ಹೋಗಬೇಕಿಲ್ಲ. ಶುರುವಾಗುವುದು ತಡ. ಸ್ವಾಗತ, ಹಾರ, ಅತಿಥಿಗಳ ಪರಿಚಯ, ಶಾಲು, ಇವೆಲ್ಲ ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನವರು ಬಸ್ಸಿಗೆ ಎದ್ದಿರುತ್ತಾರೆ. ಭಾಷಣವೂ ಎಷ್ಟೋ ಸಲ ಕಾಯ್ದೆಯ ಪೀಠಿಕೆಯಲ್ಲೇ ಸುತ್ತುತ್ತದೆ. ಆದರೂ ನಾನು ತಪ್ಪಿಸುವುದಿಲ್ಲ, ಯಾಕೆಂದರೆ ಕೊನೆಯ ಅರ್ಧ ಗಂಟೆಯ ಪ್ರಶ್ನೋತ್ತರ ಬೇರೆ ಎಲ್ಲೂ ಸಿಗಲ್ಲ. ಅಲ್ಲಿ ಕೇಳುವವರು ಅವತ್ತು ಬೆಳಗ್ಗೆ ಇದೇ ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡವರು.

ಒಂದು ಉದಾಹರಣೆ ಹೇಳ್ತೀನಿ. ಖಾಸಗಿ ದೂರಿನಲ್ಲಿ (ಪೊಲೀಸರ ಮೂಲಕ ಅಲ್ಲದೆ ನೇರ ಕೋರ್ಟಿಗೆ ಕೊಟ್ಟದ್ದು) ಕಾಗ್ನಿಜೆನ್ಸ್ ತೆಗೆದುಕೊಳ್ಳುವ, ಅಂದರೆ ಕೋರ್ಟು ಅಪರಾಧವನ್ನು ಗಣನೆಗೆ ತೆಗೆದುಕೊಳ್ಳುವ ಮುಂಚೆ ಆರೋಪಿಯ ಮಾತನ್ನೂ ಕೇಳಬೇಕು ಅಂತ ಹೊಸ ಸಂಹಿತೆಯ 223ನೇ ಕಲಂ ಹೇಳುತ್ತದೆ. ಹಳೆಯ ಸಿಆರ್‌ಪಿಸಿಯ 200ರಲ್ಲಿ ಇದು ಇರಲಿಲ್ಲ. ಹಾಗಾದರೆ ಎನ್‌ಐ ಕಾಯ್ದೆಯ (ಚೆಕ್ಕುಗಳ ಕಾಯ್ದೆ) 138ರ ಚೆಕ್ ಬೌನ್ಸ್ ದೂರಿಗೂ ಮೊದಲೇ ನೋಟಿಸ್ ಬೇಕಾ? ಈ ಒಂದು ಪ್ರಶ್ನೆಗೆ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಬೇಕು ಅಂತ ಒಬ್ಬರು, ಎನ್‌ಐ ಕಾಯ್ದೆಯೇ ಬೇರೆ, ಬೇಡ ಅಂತ ಇನ್ನೊಬ್ಬರು. ಮುಂದೆ 2025ರಲ್ಲಿ ನಮ್ಮ ಹೈಕೋರ್ಟ್ ಬೇಡ ಅಂತ ಹೇಳಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಕೂಡ ಆ ಮಾತನ್ನೇ ಒಪ್ಪಿತು. ತೀರ್ಪು ಬಂದಾಗ ನಮಗೆ ಅದು ಹೊಸದು ಅನ್ನಿಸಲಿಲ್ಲ, ಎರಡೂ ಕಡೆಯ ವಾದ ಅಷ್ಟೊತ್ತಿಗೆ ಬಾಯಿಗೆ ಬಂದಿತ್ತು. ಹಾಗಾಗಿ ಕಾನೂನು ಬದಲಾದಾಗ ದುಡ್ಡು ಕೊಟ್ಟ ವಿಡಿಯೋಗಿಂತ ಪುಕ್ಕಟೆ ಉಪನ್ಯಾಸವೇ ಮೇಲು ಅಂತ ನನ್ನ ಲೆಕ್ಕ. ಪ್ರಶ್ನೋತ್ತರ ಇಲ್ಲದ ಉಪನ್ಯಾಸವಾದರೆ ಮನೆಗೆ ಹೋಗಿ.

ಇನ್ನು ಕೌಶಲ್ಯದ ವಿಷಯ. ಇಲ್ಲಿ ಉಪನ್ಯಾಸ, ವಿಡಿಯೋ ಎರಡೂ ಕೈಕೊಡುತ್ತವೆ. ಕರ್ನಾಟಕ ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲೇ ಬರುತ್ತದಲ್ಲ, ಅದನ್ನೇ ನೋಡಿ ಕಲಿತರೆ ಸಾಕು ಅನ್ನುವವರಿದ್ದಾರೆ. ವಾದ ಮಂಡಿಸುವ ರೀತಿ, ನ್ಯಾಯಮೂರ್ತಿಗಳು ಎಲ್ಲಿ ತಡೆಯುತ್ತಾರೆ ಅನ್ನುವುದು ತಿಳಿಯುತ್ತದೆ, ನಿಜ. ಆದರೆ ಆಲೆಮನೆ ಪಕ್ಕ ನಿಂತು ನೋಡಿದವರಿಗೆಲ್ಲ ಬೆಲ್ಲದ ಪಾಕ ಹಿಡಿಯುವುದು ಬರುತ್ತಾ? ಅದೂ ಅಲ್ಲದೆ ಹೈಕೋರ್ಟಿನಲ್ಲಿ ಪಾಟೀಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು, ನೋಡಲು ಸಿಗುವುದೇ ಅಪರೂಪ. ನಮ್ಮ ಅನ್ನ ಇರುವುದು ಪಾಟೀಸವಾಲಿನಲ್ಲಿ.

ಪಾಟೀಸವಾಲಿಗೆ ಅಂತಲೇ ಮೈಸೂರಿನಲ್ಲಿ ನಡೆದ ವಾರಾಂತ್ಯದ ಒಂದು ವರ್ಕ್‌ಶಾಪಿಗೆ ಹೋಗಿದ್ದೆ. ಒಂದು ಕಾಲ್ಪನಿಕ ಕೇಸಿನ ಕಡತ ಮುಂಚೆಯೇ ಕಳಿಸಿದ್ದರು. ಒಬ್ಬರು ಸಾಕ್ಷಿ, ಒಬ್ಬರು ವಕೀಲರು, ಉಳಿದವರು ಆಕ್ಷೇಪಣೆ ಎತ್ತುವವರು. ನಡೆಸಿಕೊಟ್ಟ ಹಿರಿಯ ವಕೀಲರು ಪ್ರತಿ ಎರಡನೇ ಪ್ರಶ್ನೆಗೆ ನಿಲ್ಲಿಸುತ್ತಿದ್ದರು. "ಈ ಪ್ರಶ್ನೆ ಯಾಕೆ ಕೇಳಿದ್ರಿ? ಉತ್ತರ ಏನು ಬರುತ್ತೆ ಅಂತ ಗೊತ್ತಿತ್ತಾ?" ಗೊತ್ತಿಲ್ಲದಿದ್ದರೆ ಕೂತುಕೊಳ್ಳಿ ಅನ್ನುತ್ತಿದ್ದರು, ಅಷ್ಟೆ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಇದ್ದಾಗ ಅದನ್ನು ದಾಖಲಿಸುವ ಕ್ರಮ ಇದೆಯಲ್ಲ, ಮೊದಲು ಆ ಭಾಗವನ್ನೇ ಸಾಕ್ಷಿಗೆ ಓದಿ ಹೇಳಬೇಕು, ಅವನು ನಿರಾಕರಿಸಿದರೆ ಆಮೇಲೆ ತನಿಖಾಧಿಕಾರಿಯ ಮೂಲಕ ಗುರುತು ಮಾಡಿಸಬೇಕು, ಇದನ್ನು ಎಲ್ಲರ ಕೈಲೂ ಮಾಡಿಸಿದರು. ಹಳೆಯ ಸಾಕ್ಷ್ಯ ಕಾಯ್ದೆಯ 145, ಈಗ ಸಾಕ್ಷ್ಯ ಅಧಿನಿಯಮದ 148. ಪುಸ್ತಕದಲ್ಲಿ ಓದಿದಾಗ ಎರಡು ಸಾಲು. ಎದ್ದು ನಿಂತು ಮಾಡುವಾಗ ಕಷ್ಟ ಗೊತ್ತಾಗುತ್ತದೆ.

ನನಗೆ ಇನ್ನೊಂದು ಹಿಡಿಸಿದ್ದು, ಎಲ್ಲಾ ಕನ್ನಡದಲ್ಲೇ ನಡೆಯಿತು. ನಮ್ಮ ಸಾಕ್ಷಿಗಳು ಕನ್ನಡದಲ್ಲಿ ಮಾತಾಡುತ್ತಾರೆ, ಕೋರ್ಟು ಕನ್ನಡದಲ್ಲಿ ಬರೆದುಕೊಳ್ಳುತ್ತದೆ, ತರಬೇತಿ ಮಾತ್ರ ಇಂಗ್ಲಿಷಿನಲ್ಲಿ ಇದ್ದರೆ ಏನು ಉಪಯೋಗ? "ನಾನು ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ" ಅನ್ನುವ ಸಾಲು ಎಲ್ಲಾ ಡೆಪೊಸಿಷನ್ನಿನ (ಕೋರ್ಟು ಬರೆದುಕೊಳ್ಳುವ ಸಾಕ್ಷಿ ಹೇಳಿಕೆ) ಕೊನೆಗೂ ಬರುತ್ತದಲ್ಲ, ಅಂಥ ಸೂಚನೆಗಳನ್ನು (ನಮ್ಮ ವಾದವನ್ನೇ ಸಾಕ್ಷಿಯ ಮುಂದಿಟ್ಟು ಸರಿಯಾ ಅಂತ ಕೇಳುವುದು) ಎಲ್ಲಿ ಹಾಕಬೇಕು, ಎಲ್ಲಿ ಹಾಕಿದರೆ ಎದುರಿನವರಿಗೇ ಅನುಕೂಲ ಅಂತ ಒಂದು ಮಧ್ಯಾಹ್ನ ಪೂರ್ತಿ ಚರ್ಚೆ ಆಯಿತು. ಸರ್ಟಿಫಿಕೇಟ್ ಒಂದು ಬಿಳಿ ಹಾಳೆ. ಬೇಡವೇ ಬೇಡ ಅದು.

ಡಿಪ್ಲೊಮಾ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ದೂರಶಿಕ್ಷಣದಲ್ಲಿ ಒಂದು ವರ್ಷದ ಸೈಬರ್ ಕಾನೂನು ಪಿಜಿ ಡಿಪ್ಲೊಮಾ ಮಾಡಿದೆ. ಸಂಪರ್ಕ ತರಗತಿ ಬೆಂಗಳೂರಿನಲ್ಲಿ, ಬೆಳಗಿನ ರೈಲು, ನಿಂತುಕೊಂಡೇ ಪ್ರಯಾಣ. ಪಠ್ಯ ದೊಡ್ಡದು. 2000ದ ಐಟಿ ಕಾಯ್ದೆಯಿಂದ ಹಿಡಿದು 2015ರಲ್ಲಿ ಸುಪ್ರೀಂ ಕೋರ್ಟ್ ಆಕ್ಷೇಪಾರ್ಹ ಆನ್‌ಲೈನ್ ಬರಹಕ್ಕೆ ಶಿಕ್ಷೆ ಕೊಡುವ 66ಎ ಕಲಂ ರದ್ದು ಮಾಡಿದ್ದರವರೆಗೆ ಎಲ್ಲಾ ಇದೆ. ಓದಲು ಖುಷಿ. ಮಂಡ್ಯದ ಪ್ರಾಕ್ಟೀಸಿಗೆ? ಕಡಿಮೆ. ನಮ್ಮ ಹತ್ತಿರ ಬರುವವರು ಯುಪಿಐನಲ್ಲಿ ಮೋಸ ಹೋದವರು, ಅವರಿಗೆ ಮೊದಲು ಬೇಕಾದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಫೋನ್ ಮಾಡಿ ಅನ್ನುವ ಮಾತು.

ಆದರೆ ಆ ವರ್ಷ ಪೂರ್ತಿಯಲ್ಲಿ ಒಂದು ತರಗತಿ ಮಾತ್ರ ದುಡ್ಡಿಗೆ ಮೋಸವಿಲ್ಲ ಅನ್ನಿಸಿತು: ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಈಗ ಅಧಿನಿಯಮದ 63. ಹೊಸದರಲ್ಲಿ ನಮೂನೆಯೇ ಇದೆ, ಎ ಭಾಗವನ್ನು ಪಕ್ಷಕಾರರು ತುಂಬಬೇಕು, ಬಿ ಭಾಗವನ್ನು ತಜ್ಞರು. ಸಾಧನದ ಮೇಕು, ಮಾಡೆಲ್ಲು, ಬಣ್ಣ, ಐಎಂಇಐ ನಂಬರು, ಜೊತೆಗೆ ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಸಂಕೇತ. ಹ್ಯಾಶ್ ಅನ್ನುವುದನ್ನು ನಮ್ಮ ನಮ್ಮ ಲ್ಯಾಪ್‌ಟಾಪಿನಲ್ಲೇ ತೆಗೆಸಿದರು, ವಿಂಡೋಸ್‌ನಲ್ಲಿ ಬೇರೆ ಸಾಫ್ಟ್‌ವೇರ್ ಬೇಕಾಗಿಲ್ಲ, ಒಂದು ಸಾಲಿನ ಕಮಾಂಡ್ ಸಾಕು. ಆಮೇಲೆ ಫೈಲಿನಲ್ಲಿ ಒಂದು ಚುಕ್ಕೆ ಸೇರಿಸಿ ಮತ್ತೆ ತೆಗೆಸಿದರು, ಹ್ಯಾಶ್ ಪೂರ್ತಿ ಬೇರೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿರುತ್ತದೆ, ಅದು ಮೂಲ ಫೈಲ್ ಅಲ್ಲ ಅಂತ ಅವತ್ತು ಕಣ್ಣಿಗೆ ಕಂಡಿತು. ಈಗ ಕಕ್ಷಿದಾರರು ಬಂದು "ಮೇಡಂ, ವಿಡಿಯೋ ಫಾರ್ವರ್ಡ್ ಮಾಡ್ತೀನಿ" ಅಂದರೆ ಬೇಡ, ಫೋನೇ ತನ್ನಿ ಅನ್ನುತ್ತೇನೆ. ಇದಕ್ಕೆ ಒಂದು ವರ್ಷ ಬೇಕಾ? ಬೇಡ. ಸಂಘದವರು ಒಂದು ಶನಿವಾರ ಮಾಡಿಸಬಹುದಾದ ಕೆಲಸ. ಬಿ ಭಾಗಕ್ಕೆ ತಜ್ಞರನ್ನು ತಾಲ್ಲೂಕು ಮಟ್ಟದಲ್ಲಿ ಎಲ್ಲಿಂದ ಹುಡುಕುವುದು ಅನ್ನುವ ತಲೆನೋವು ಬೇರೆ ಇದೆ.

ಎಲ್ಲಕ್ಕಿಂತ ಮೇಲೆ ನಾನು ಇಡುವುದು 40 ಗಂಟೆಗಳ ಮೀಡಿಯೇಷನ್ (ಮಧ್ಯೆ ಕೂತು ರಾಜಿ ಮಾಡಿಸುವುದು) ತರಬೇತಿಯನ್ನು. ಕೋರ್ಟ್ ಕಡೆಯಿಂದ ಮೀಡಿಯೇಟರ್ ಆಗುವವರಿಗೆ ಸುಪ್ರೀಂ ಕೋರ್ಟಿನ ಮೀಡಿಯೇಷನ್ ಸಮಿತಿ ರೂಪಿಸಿದ ಕ್ರಮ ಇದು. ಸತತ ದಿನಗಳು ಬೇಕು, ಬೆಳಗ್ಗೆಯಿಂದ ಸಂಜೆವರೆಗೆ. ದಿನಗಳ ಲೆಕ್ಕದಲ್ಲಿ ಅತಿ ದುಬಾರಿ ಇದೇ. ಎಲ್ಲರಿಗೂ ಸೀಟು ಸಿಗುವುದೂ ಇಲ್ಲ, ಅನುಭವ ನೋಡುತ್ತಾರೆ.

ಅಲ್ಲಿ ಮೊದಲ ಎರಡು ದಿನ ನಮ್ಮ ವಕೀಲಿ ಬುದ್ಧಿಯನ್ನು ಬಿಡಿಸುವುದೇ ಕೆಲಸ. ನಾವು ಬಾಯಿ ತೆರೆದರೆ ವಾದ, ಇಲ್ಲ ಸಲಹೆ. ಪಾತ್ರ ಕೊಟ್ಟು ಕೂರಿಸುತ್ತಾರೆ: ಅಣ್ಣ, ತಮ್ಮ, ಮದುವೆಯಾಗಿ ಹೋದ ತಂಗಿ, ಮೂರು ಎಕರೆ ಗದ್ದೆ. ತಂಗಿಯ ಪಾತ್ರ ನನಗೆ ಬಂತು. ಮೀಡಿಯೇಟರ್ ಆಗಿದ್ದ ಸಹೋದ್ಯೋಗಿ ಎರಡು ನಿಮಿಷಕ್ಕೇ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2020ರ ವಿನೀತಾ ಶರ್ಮಾ ತೀರ್ಪು ಹೇಳಿ, ನಿಮಗೆ ಸಮಪಾಲು ಇದೆ ಬಿಡಿ ಅಂದರು. ತರಬೇತುದಾರರು ನಿಲ್ಲಿಸಿ, "ಆಕೆ ಪಾಲು ಕೇಳಿದಳಾ?" ಅಂದರು. ನನ್ನ ಚೀಟಿಯಲ್ಲಿ ಬರೆದಿದ್ದದ್ದು ಬೇರೆ, ತಾಯಿಯ ತಿಥಿಗೆ ಕರೆಯಲಿಲ್ಲ ಅನ್ನುವ ಸಿಟ್ಟು. ನಮ್ಮ ಕಡೆ ಪಾಲಿನ ದಾವೆಗಳಲ್ಲಿ ಇಂಥದ್ದು ಎಷ್ಟಿಲ್ಲ ಹೇಳಿ? ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಮಾತಾಡುವುದು, ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ದಾಟಿಸದಿರುವುದು, ರಾಜಿ ಆಗದಿದ್ದರೆ ನಿಮ್ಮ ಗತಿ ಏನು ಅಂತ ಅವರ ಬಾಯಿಂದಲೇ ಲೆಕ್ಕ ಹಾಕಿಸುವುದು, ಇವೆಲ್ಲ ಮಾಡಿ ಮಾಡಿಯೇ ಬರಬೇಕು.

ಕರಾರು ಬರೆಯುವುದನ್ನೂ ಬಿಡಲಿಲ್ಲ. ದಾವೆಯಲ್ಲಿ ಇಲ್ಲದ ಸ್ಥಿರಾಸ್ತಿಯನ್ನು ರಾಜಿಗೆ ಸೇರಿಸಿದರೆ ಡಿಕ್ರಿಯನ್ನು ನೋಂದಣಿ ಮಾಡಿಸಬೇಕಾಗುತ್ತದೆ, ಇದನ್ನು ಮರೆತು ಬರೆದ ರಾಜಿ ಪತ್ರಗಳು ಆಮೇಲೆ ಖಾತೆ ಮಾಡಿಸುವಾಗ ತಕರಾರಾಗುತ್ತವೆ. ಮೀಡಿಯೇಟರ್ ಆಗಿ ಬರುವ ಸಂಭಾವನೆಗೆ ಆಸೆಪಟ್ಟು ಹೋಗಬೇಡಿ, ಅದು ಕಮ್ಮಿ. ನನಗೆ ಲಾಭ ಆದದ್ದು ಚೇಂಬರಿನಲ್ಲಿ. ಹೊಸ ಕಕ್ಷಿದಾರರು ಬಂದಾಗ ಮೊದಲು ಪಹಣಿ ಕೇಳುತ್ತಿದ್ದವಳು ಈಗ ಮೊದಲು ಅವರ ಮಾತು ಮುಗಿಯಲು ಬಿಡುತ್ತೇನೆ.

ಹೊಸಬರಿಗೆ, ಅಂದರೆ ಮೊದಲ ಐದು ವರ್ಷದವರಿಗೆ, ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಪಾಟೀಸವಾಲಿನ ವರ್ಕ್‌ಶಾಪ್ ಅನ್ನುತ್ತೇನೆ, ಮೀಡಿಯೇಷನ್ ಆಮೇಲೆ. ಸೇರುವ ಮುಂಚೆ ಒಂದು ಫೋನ್ ಮಾಡಿ ಕೇಳಿ, ನಾವು ಮಾಡಿದ್ದನ್ನು ತಿದ್ದುವವರು ಇದ್ದಾರಾ, ಒಂದು ತಂಡಕ್ಕೆ ಎಷ್ಟು ಜನ ಅಂತ. ನೂರು ಜನ ಅಂದರೆ ಅದು ವರ್ಕ್‌ಶಾಪ್ ಅಲ್ಲ, ಊಟ ಇರುವ ಉಪನ್ಯಾಸ. ಡಿಪ್ಲೊಮಾ, ಪ್ರಾಕ್ಟೀಸಿನ ದಿಕ್ಕನ್ನೇ ಬದಲಿಸುವ ಯೋಚನೆ ಇದ್ದವರಿಗೆ ಮಾತ್ರ.

ಇ-ಫೈಲಿಂಗ್ ತರಬೇತಿ ಈ ಹೋಲಿಕೆಗೆ ಬರಲ್ಲ, ಅದು ಕೌಶಲ್ಯಕ್ಕಿಂತ ಅಭ್ಯಾಸ. ಕೋರ್ಟಿನಲ್ಲಿ ಪುಕ್ಕಟೆ ಮಾಡಿಸಿದಾಗ ಹೋಗಿ, ಪಿಡಿಎಫ್ ಮಾಡುವುದು, ಆಧಾರ್ ಒಟಿಪಿಯಲ್ಲಿ ಸಹಿ ಹಾಕುವುದು ಒಂದು ಸಂಜೆಯಲ್ಲಿ ಬರುತ್ತದೆ. ಹೋಗುವಾಗ ನಿಮ್ಮ ಗುಮಾಸ್ತರನ್ನೂ ಕರೆದುಕೊಂಡು ಹೋಗಿ, ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡುವುದು ಕೊನೆಗೆ ಅವರ ತಲೆಗೇ ಬರುವುದು.