ಫ್ಲೈಟ್ ಇಂಜಿನಿಯರ್ ಮಾಡ್ತೀವಿ ಅಂದವರಿಗೆ ಹಣ ಕಟ್ಟುವ ಮುಂಚೆ ಇದನ್ನು ಓದಿ

ಪಿಯುಸಿ ಮುಗಿಸಿದ ಮಕ್ಕಳನ್ನು ಏವಿಯೇಷನ್ ಕೋರ್ಸಿಗೆ ಸೇರಿಸಬೇಕು ಅಂತಿದ್ದೀರಾ? ದಯವಿಟ್ಟು ಸ್ವಲ್ಪ ತಡೆಯಿರಿ. ನನ್ನ ತಮ್ಮನ ಓದಿಗೆ ಅಪ್ಪ ಸೈಟು ಮಾರಿ ಕಟ್ಟಿದ ದುಡ್ಡು ಪೂರ್ತಿ ಹೋಯಿತು.

ಬೆಂಗಳೂರಿನ ಹೊರಗಿರುವ ಒಂದು ಸಂಸ್ಥೆ. ‘ಫ್ಲೈಟ್ ಇಂಜಿನಿಯರ್ ಆಗಿ, ಕಾಕ್‌ಪಿಟ್‌ನಲ್ಲಿ ಹಾರಿ’ ಅಂತ ಅವರ ಬ್ರೋಷರ್. ಫೋಟೋದಲ್ಲಿ ಇಬ್ಬರು ಪೈಲಟ್‌ಗಳ ಹಿಂದೆ ಪಕ್ಕಕ್ಕೆ ತಿರುಗಿ ಕೂತ ಮೂರನೆಯವರು, ಎದುರಿಗೆ ಸಾಲು ಸಾಲು ಮೀಟರ್‌ಗಳು. ಆ ಸೀಟು ಬೋಯಿಂಗ್ 727, ಹಳೆಯ 747ಗಳ ಕಾಲದ್ದು. ಇಂಧನ, ಹೈಡ್ರಾಲಿಕ್ಸ್, ಎಲೆಕ್ಟ್ರಿಕಲ್ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಆಮೇಲೆ ಆ ಕೆಲಸ ಕಂಪ್ಯೂಟರ್ ಪಾಲಾಯಿತು. 1989ರಲ್ಲಿ ಪ್ರಯಾಣಿಕರ ಸೇವೆಗೆ ಬಂದ 747-400ಕ್ಕೆ ಇಬ್ಬರು ಪೈಲಟ್‌ಗಳೇ ಸಾಕಾದರು. ಈಗ ನಾವು ಓಡಾಡುವ ಏರ್‌ಬಸ್ ಎ320, ಬೋಯಿಂಗ್ 737ರಲ್ಲಿ ಆ ಸೀಟೇ ಇಲ್ಲ. ನಮ್ಮ ವಾಯುಪಡೆಯ ಐಎಲ್-76 ಸಾಗಣೆ ವಿಮಾನ, ಎಂಐ-17 ಹೆಲಿಕಾಪ್ಟರ್‌ನಲ್ಲಿ ಫ್ಲೈಟ್ ಇಂಜಿನಿಯರ್ ಇದ್ದಾರೆ, ನಿಜ. ಆದರೆ ಅಲ್ಲಿಗೆ ವಾಯುಪಡೆ ಸೇರಿಯೇ ಹೋಗಬೇಕು, ಖಾಸಗಿ ಕಾಲೇಜಿನಿಂದಲ್ಲ.

ಇವತ್ತು ನಿಜವಾಗಿ ಇರುವ ದಾರಿ ಎಎಂಇ, ಅಂದರೆ ನೆಲದ ಮೇಲೆ ವಿಮಾನ ರಿಪೇರಿ ಮಾಡಿ ‘ಹಾರಬಹುದು’ ಅಂತ ಸಹಿ ಹಾಕುವ ಇಂಜಿನಿಯರ್ ಕೆಲಸ. ತುಂಬಾ ಒಳ್ಳೆಯ ಕೆಲಸ. ಆದರೆ ಕಾಲೇಜಿಗೆ ಡಿಜಿಸಿಎಯ, ಅಂದರೆ ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯ, ಸಿಎಆರ್-147 ಅಪ್ರೂವಲ್ (ಈ ತರಬೇತಿ ಕೊಡಲು ಅನುಮತಿ) ಇರಬೇಕು. ತಮ್ಮನ ಸಂಸ್ಥೆಯವರು ಕೇಳಿದಾಗಲೆಲ್ಲ ‘ಪ್ರೋಸೆಸ್‌ನಲ್ಲಿದೆ ಸರ್’ ಅಂತಲೇ ಹೇಳಿದರು. ಪ್ರಾಕ್ಟಿಕಲ್ ಅಂದರೆ ಒಂದು ತಗಡಿನ ಶೆಡ್. ಒಳಗೆ ಪ್ರೊಪೆಲರ್ ಇಲ್ಲದ ಚಿಕ್ಕ ಪಿಸ್ಟನ್ ಇಂಜಿನ್, ಸ್ಪಾರ್ಕ್ ಪ್ಲಗ್ ತೂತಿಗೆ ಬಟ್ಟೆ ತುರುಕಿದ್ದರು. ಜೆಟ್ ಇಂಜಿನ್ ಪಾಠ ಬರೀ ಪ್ರೊಜೆಕ್ಟರ್‌ನಲ್ಲಿ. ಮುಂದೆ ಅನುಭವಕ್ಕೆ ಅಂತ ತಮ್ಮ ವಿಮಾನ ರಿಪೇರಿ ಮಾಡುವ ಹ್ಯಾಂಗರ್‌ಗೆ ಹೋದರೆ, ಈ ಸರ್ಟಿಫಿಕೇಟ್ ನಡೆಯಲ್ಲ ಅಂತ ಅಲ್ಲಿಯವರು ಅಂದರು.

ಹಾಗಾಗಿ ಸೇರುವ ಮೊದಲು ಡಿಜಿಸಿಎ ವೆಬ್‌ಸೈಟಿನ ಪಟ್ಟಿಯಲ್ಲಿ ಕಾಲೇಜಿನ ಹೆಸರು ನೀವೇ ಹುಡುಕಿ. ಅಪ್ರೂವಲ್ ಯಾವ ಕೆಟಗರಿಗೆ ಅಂತಲೂ ನೋಡಿ: ಬಿ1.1 ಜೆಟ್ ಸೇರಿದಂತೆ ಟರ್ಬೈನ್ ಇಂಜಿನ್ ವಿಮಾನಗಳಿಗೆ, ಬಿ1.3 ಟರ್ಬೈನ್ ಇಂಜಿನ್ ಹೆಲಿಕಾಪ್ಟರ್‌ಗೆ, ಬಿ2 ಏವಿಯಾನಿಕ್ಸ್‌ಗೆ, ಅಂದರೆ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳಿಗೆ. ‘ಕೋರ್ಸ್ ಮುಗಿದ ತಕ್ಷಣ ಕೆಲಸ’ ಅಂದರೆ ನಂಬಬೇಡಿ. ಡಿಜಿಸಿಎ ಪರೀಕ್ಷೆಯ ಮಾಡ್ಯೂಲ್ (ವಿಷಯ) ಒಂದೊಂದರಲ್ಲೂ 75% ತೆಗೆಯಬೇಕು, ಕೆಲಸದ ಅನುಭವ ಬೇಕು, ಲೈಸೆನ್ಸ್ ಬಂದ ಮೇಲೂ ದೊಡ್ಡ ವಿಮಾನಕ್ಕೆ ಸಹಿ ಹಾಕಲು ಟೈಪ್ ರೇಟಿಂಗ್, ಅಂದರೆ ಆ ಮಾದರಿಗೇ ಬೇರೆ ಅರ್ಹತೆ ಬೇಕು.

ಇನ್ನೊಂದು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಅವರ ಕೈಗೆ ಬಿಟ್ಟು ಬರಬೇಡಿ. ಪೂರ್ತಿ ಫೀಸು ಕಟ್ಟಿದರೆ ಮಾತ್ರ ವಾಪಸ್ ಅಂತ ತಮ್ಮನ ಪಿಯುಸಿ ಕಾರ್ಡನ್ನು ಇಟ್ಟುಕೊಂಡಿದ್ದಾರೆ. ಅದನ್ನು ಬಿಡಿಸಿಕೊಳ್ಳಲು ಅಪ್ಪ ಈಗಲೂ ಪೊಲೀಸ್ ಸ್ಟೇಷನ್‌ಗೆ ಅಲೆಯುತ್ತಿದ್ದಾರೆ.