ಪ್ರಬಂಧ ಪರೀಕ್ಷೆಗೆ ಯಾವುದು ಸರಿ: ಪೆನ್ನಾ, ನುಡಿನಾ, ಫೋನಾ?

ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಎಸ್‌ಎಸ್‌ಎಲ್‌ಸಿ ಕನ್ನಡ ಪ್ರಬಂಧವನ್ನೂ ಟೈಪ್ ಮಾಡಿಸಬಾರದೇಕೆ? ನಮ್ಮ ಸ್ಟಾಫ್ ರೂಮಿನಲ್ಲಿ ಈ ಮಾತು ಆಗಾಗ ಬರುತ್ತದೆ. ಅಲ್ಲಿ ಸರಿಯುತ್ತರ ಒತ್ತಿದರಾಯಿತು, ಇಲ್ಲಿ ಪುಟ ತುಂಬಿಸಬೇಕು. ಸುಮ್ನೆ ವಾದ ಯಾಕೆ ಅಂತ ಒಂಬತ್ತನೇ ತರಗತಿಯವರಿಂದ ಮೂರು ಬಗೆಯಲ್ಲೂ ಬರೆಸಿದೆ: ಪೆನ್ನಿನಲ್ಲಿ, ಲ್ಯಾಬಿನಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಹಾಕಿ, ಫೋನಿನಲ್ಲಿ.

ವೇಗದಲ್ಲಿ ಫೋನಿನದೇ ಮೇಲುಗೈ. ಆದರೆ ಪರೀಕ್ಷೆಗೆ ಅದು ಬೇಡವೇ ಬೇಡ. ‘ವಿದ್ಯಾರ್ಥಿ’ ಬರೆಯಲು ಮಗು ಇಂಗ್ಲಿಷ್ ಅಕ್ಷರಗಳನ್ನು ಹೆಚ್ಚುಕಮ್ಮಿ ಒತ್ತಿದರೂ ಸರಿಯಾದ ಪದ ಮೇಲೆ ಬಂದು ನಿಲ್ಲುತ್ತದೆ. ತ ಯಾವುದು, ಥ ಯಾವುದು ಅಂತ ಗೊತ್ತಿರುವುದು ಫೋನಿಗೆ. ಕಾಗುಣಿತಕ್ಕೆ ನಾನು ಅಂಕ ಕೊಟ್ಟರೆ ಅದು ಯಾರಿಗೆ ಸೇರಬೇಕು?

ನುಡಿ ಹಾಗಲ್ಲ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಅದೇ ಪದಕ್ಕೆ ವಿ, ಐ, ಡಿ, ಎಫ್, ವೈ, ಕ್ಯಾಪಿಟಲ್ ಎ, ಆರ್, ಎಫ್, ಕ್ಯಾಪಿಟಲ್ ಟಿ, ಐ ಎಂದು ಒಂದೊಂದೇ ಒತ್ತಬೇಕು. ಎಫ್ ಒತ್ತಿದಲ್ಲಿ ಒತ್ತಕ್ಷರ ಕೂಡಿಕೊಳ್ಳುತ್ತದೆ. ಶಿಫ್ಟ್ ಮರೆತರೆ ಥ ಹೋಗಿ ತ ಆಗುತ್ತದೆ. ಅಂದರೆ ಪದ ಹೇಗೆ ಕಟ್ಟಿದೆ ಅನ್ನುವುದು ಬೆರಳಿಗೆ ಗೊತ್ತಿರಲೇಬೇಕು. ನನಗೆ ಇದು ತುಂಬಾ ಇಷ್ಟವಾಯಿತು. ತೊಂದರೆ ಇಷ್ಟೇ, ಅಭ್ಯಾಸ ಇಲ್ಲದ ಮಕ್ಕಳು ಪೀಠಿಕೆ ಮುಗಿಸುವಷ್ಟರಲ್ಲೇ ಬೆಲ್ ಹೊಡೆಯಿತು. ಕೀ ಹುಡುಕುತ್ತಾ ಹುಡುಕುತ್ತಾ ಬರೆಯಬೇಕೆಂದಿದ್ದ ವಾಕ್ಯವೇ ಮರೆತುಹೋಯಿತು ಅಂದರು. ಕರೆಂಟ್ ಹೋದರೆ, ಸಿಸ್ಟಂ ಸಾಲದೆ ಬಂದರೆ ಏನು ಗತಿ ಅನ್ನುವುದಂತೂ ಬೇರೆಯೇ ಕಥೆ.

ಆದರೂ ಟೈಪಿಂಗ್‌ನ ಒಂದು ಗುಣ ಪೆನ್ನಿಗೆ ಬರುವುದಿಲ್ಲ. ಒಬ್ಬ ಹುಡುಗಿ ಕೊನೆಯ ಪ್ಯಾರಾದಲ್ಲಿದ್ದ ತನ್ನೂರಿನ ಕೆರೆಯ ವಿಷಯವನ್ನು ಕಟ್ ಮಾಡಿ ಮೊದಲಿಗೆ ತಂದಳು. ಪ್ರಬಂಧಕ್ಕೆ ಜೀವ ಬಂತು. ಉತ್ತರ ಪತ್ರಿಕೆಯಲ್ಲಾದರೆ ಬಾಣದ ಗುರುತು ಹಾಕಿ, ಗೀಚಿ, ಕೊನೆಗೆ ಬೇಡ ಅಂತ ಬಿಟ್ಟುಬಿಡುತ್ತಿದ್ದಳು.

ಇನ್ನೊಂದು, ಪ್ರಿಂಟ್ ಹಾಕಿ ಓದಿದಾಗ ಅಕ್ಷರದ ಅಂದ ಚೆಂದ ಮಾಯ. ಮಾರ್ಜಿನ್ ಎಳೆದು, ಪೀಠಿಕೆ, ಉಪಸಂಹಾರಗಳಿಗೆ ಸ್ಕೇಲಿಟ್ಟು ಗೆರೆ ಹಾಕುವ ಮಕ್ಕಳಿರುತ್ತಾರಲ್ಲ, ಅವರದರಲ್ಲಿ ಕೆಲವು ಪ್ರಿಂಟಿನಲ್ಲಿ ಸಪ್ಪೆ ಅನ್ನಿಸಿದವು. ಕೋಳಿ ಕೆದರಿದ ಹಾಗೆ ಬರೆಯುವ ಹುಡುಗನ ಪ್ರಬಂಧದಲ್ಲಿ ಎಷ್ಟೊಂದು ವಿಚಾರವಿತ್ತು! ನೂರಾರು ಪತ್ರಿಕೆ ತಿದ್ದುವ ಸುಸ್ತಿನಲ್ಲಿ ಅಂಥ ಅಕ್ಷರವನ್ನು ಯಾರು ತಾಳ್ಮೆಯಿಂದ ಬಿಡಿಸಿ ಓದುತ್ತಾರೆ? ಟೈಪಿಂಗ್ ಪರವಾಗಿ ನನಗೆ ಕಂಡ ಅತಿ ದೊಡ್ಡ ಕಾರಣ ಇದೇ, ವೇಗ ಅಲ್ಲ.

ಪೆನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರ ಕೈಯಲ್ಲೂ ಇದೆ, ಎಲ್ಲರಿಗೂ ಒಂದೇ. ಮೂರು ಗಂಟೆಯ ಪತ್ರಿಕೆಯ ಕೊನೆಗೆ ಬೆರಳು ನೋಯುತ್ತದೆ, ನಿಜ.

ಹಾಗಾಗಿ ಈಗಿನ ಮಟ್ಟಿಗೆ ಬೋರ್ಡ್ ಪರೀಕ್ಷೆಗೆ ನನ್ನ ವೋಟು ಪೆನ್ನಿಗೇ. ಎಂಟನೇ ತರಗತಿಯಿಂದ ವಾರಕ್ಕೊಂದು ಪಿರಿಯಡ್ ನುಡಿ ಕಲಿಸಿದರೆ ಆಗ ಮತ್ತೆ ಮಾತಾಡೋಣ. ಆದರೆ ಕೈಬರಹದ ತೊಂದರೆಯಿಂದಾಗಿ ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವವರು) ಪಡೆಯುವ ಮಕ್ಕಳನ್ನು ಅಷ್ಟು ದಿನ ಕಾಯಿಸುವುದು ಬೇಡ. ಬೇರೆಯವರಿಗೆ ಹೇಳಿ ಬರೆಸುವ ಬದಲು ನುಡಿಯಲ್ಲಿ ತಾವೇ ಟೈಪ್ ಮಾಡುತ್ತೇವೆ ಅಂದರೆ ಈ ವರ್ಷವೇ ಬಿಡಬೇಕು.